ದಖ್ಖನದ ಪಾದಶಹ ಕಾಂಬಕ್ಷ

(ಗೊರೇಬಾಳದಲ್ಲಿ ಮಾಡಿದ ಉಪನ್ಯಾಸದ ಲೇಖನರೂಪ)

ರಾಜನ ಮಗನೊಬ್ಬನನ್ನು ದೂರದ ಪ್ರಾಂತ್ಯಕ್ಕೆ ಅಧಿಕಾರಿಯಾಗಿ ಕಳಿಸುವುದು ನಮ್ಮ ಈ ಸೀಮೆಗೆ ಹೊಸ ಸಂಗತಿಯೇನಲ್ಲ. ಮಸ್ಕಿಯ ಬಂಡೆಯ ಮೇಲಿನ ಶಾಸನ 1915ರಲ್ಲಿ ಬೆಳಕಿಗೆ ಬಂದಾಗ ಅದರಲ್ಲಿ ಅಶೋಕನ ಹೆಸರೇ ಸಿಕ್ಕಿತೆಂದು ವಿದ್ವಾಂಸರು ಸಂಭ್ರಮಪಟ್ಟರು. ಅದೇ ಅಶೋಕನ ಬ್ರಹ್ಮಗಿರಿ ಶಾಸನದಲ್ಲಿ ಇನ್ನೊಂದು ಮಾತಿದೆ. ಸುವರ್ಣಗಿರಿಯಲ್ಲಿದ್ದ ‘ಆರ್ಯಪುತ್ರ’ ಮತ್ತು ಅವನ ಮಹಾಮಾತ್ರರು ಇಸಿಲದ ಅಧಿಕಾರಿಗಳಿಗೆ ಈ ಆಜ್ಞೆಯನ್ನು ಕಳಿಸುತ್ತಿದ್ದಾರೆ ಎಂದು ಅದು ಆರಂಭವಾಗುತ್ತದೆ. ಆರ್ಯಪುತ್ರ ಎಂದರೆ ರಾಜಕುಮಾರ. ಸುವರ್ಣಗಿರಿ ಯಾವುದು? ಕನಕಗಿರಿಯೇ, ಮಸ್ಕಿಯೇ, ಆಂಧ್ರದ ಜೊನ್ನಗಿರಿಯೇ ಎಂಬ ಚರ್ಚೆ ನಡೆದೇ ಇದೆ. ಯಾವುದೇ ಆಗಿರಲಿ, ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಉತ್ತರದ ದೊರೆಯೊಬ್ಬ ತನ್ನ ಮಗನನ್ನು ಈ ದಕ್ಷಿಣಕ್ಕೆ ಕಳಿಸಿ ಆಳಿಸಿದ ಎಂಬುದಂತೂ ನಿಜ. ಆ ಕುಮಾರನ ಹೆಸರು ಮಾತ್ರ ಬಂಡೆಯಲ್ಲಿಲ್ಲ.

ಅವನ ನಂತರ ಇದೇ ದಾರಿಯಲ್ಲಿ ಬಂದ ಇನ್ನೊಬ್ಬ ಕುಮಾರನ ಹೆಸರು ನಮಗೆ ಗೊತ್ತಿದೆ. ಆದರೂ ಅವನನ್ನು ನೆನೆಯುವವರು ಕಡಿಮೆ. ಮೊಗಲ ಚಕ್ರವರ್ತಿ ಔರಂಗಜೇಬನ ಕೊನೆಯ ಮಗ ಮಹಮ್ಮದ್ ಕಾಂಬಕ್ಷನೇ ಅವನು. ಬಿಜಾಪುರದ ಸುಬೇದಾರನಾಗಿ ಬಂದವನು ದಖ್ಖನದ ಪಾದಶಹನೆಂದು ಘೋಷಿಸಿಕೊಂಡು, ಎರಡು ವರ್ಷ ತುಂಬುವುದರೊಳಗೆ ಹೈದರಾಬಾದಿನ ಹೊರಗೆ ಗಾಯಗೊಂಡು ಸತ್ತ. ‘ಕಾಂಬಕ್ಷ’ ಎಂಬ ಪಾರಸಿ ಹೆಸರಿಗೆ ಬಯಕೆಯನ್ನು ಕರುಣಿಸುವವನು ಎಂದು ಅರ್ಥ. ಅವನ ಬದುಕಿನಲ್ಲಿ ಆ ಹೆಸರಿಗೆ ಒಪ್ಪುವಂಥದು ಹೆಚ್ಚೇನೂ ನಡೆಯಲಿಲ್ಲ.

ಅವನ ಕಥೆಯನ್ನು ದಿಲ್ಲಿಯಿಂದ ನೋಡಿದರೆ ಅದು ಸೋತ ಮಗನೊಬ್ಬನ ಅಡಿಟಿಪ್ಪಣಿಯಷ್ಟೆ. ಕೃಷ್ಣೆಗೂ ತುಂಗಭದ್ರೆಗೂ ನಡುವೆ ನಿಂತು ನೋಡಿದರೆ ಬೇರೆಯೇ ಕಾಣುತ್ತದೆ. ರಾಯಚೂರು, ಮುದಗಲ್ಲು, ಲಿಂಗಸುಗೂರು, ಸಿಂಧನೂರು ಇರುವ ಈ ದೋಆಬ ವಿಜಯನಗರಕ್ಕೂ ಬಹಮನಿಗಳಿಗೂ, ಆಮೇಲೆ ಆದಿಲಶಾಹಿಗಳಿಗೂ ಎಂದೂ ಮುಗಿಯದ ಜಗಳದ ನೆಲ. 1686ರಲ್ಲಿ ಬಿಜಾಪುರ ಬಿತ್ತು, 1687ರಲ್ಲಿ ಗೋಲ್ಕೊಂಡ, 1688ರಲ್ಲಿ ಆದವಾನಿ. 1689ರಲ್ಲಿ ರಾಯಚೂರಿನ ಕೋಟೆಯೂ ಮೊಗಲರ ಕೈಸೇರಿತು. ಊರುಗಳಿಗೆ ಹೊಸ ಹೆಸರುಗಳು ಬಂದವು. ಬಿಜಾಪುರ ‘ದಾರುಜ್ಜಫರ್’ ಆಯಿತು, ಸಗರ ‘ನುಸ್ರತಾಬಾದ್’, ಆದವಾನಿ ‘ಇಮ್ತಿಯಾಜಗಡ’. ಕಾಗದದ ಮೇಲೆ ಇಡೀ ದೋಆಬ ಬಿಜಾಪುರ ಸುಬೆಯ ಒಂದು ಭಾಗ. ಕಾಗದದ ಮೇಲೆ ಎಂಬ ಮಾತನ್ನು ಒತ್ತಿ ಹೇಳಬೇಕು. ಕೋಟೆಯ ಬುರುಜಿನಿಂದ ಕಣ್ಣು ಹರಿಯುವಷ್ಟು ದೂರ ಮೊಗಲರ ಆಳ್ವಿಕೆ. ಅದರಾಚೆ ನಾಯಕರು, ದೇಸಾಯಿಗಳು, ಮರಾಠರ ಕುದುರೆದಂಡು.

ಕಾಂಬಕ್ಷ ಹುಟ್ಟಿದ್ದು 1667ರಲ್ಲಿ, ದಿಲ್ಲಿಯಲ್ಲಿ. ತಂದೆಗೆ ಆಗ ನಲವತ್ತೆಂಟು ದಾಟಿತ್ತು. ತಾಯಿ ಉದಯಪುರಿ ಮಹಲ್. ಹೆಸರು ನೋಡಿ ಈಕೆ ಮೇವಾಡದ ರಜಪೂತಳೆಂದು ಕೆಲವರು ಬರೆದದ್ದುಂಟು. ಆದರೆ ಆ ಕಾಲದಲ್ಲಿ ಇಲ್ಲೇ ಇದ್ದ ಇಟಲಿಯ ಮನೂಚಿ, ಆಕೆ ಜಾರ್ಜಿಯದವಳು, ಮೊದಲು ದಾರಾ ಶಿಕೋಹನ ಅಂತಃಪುರದಲ್ಲಿದ್ದವಳು ಎನ್ನುತ್ತಾನೆ. ಅಣ್ಣನನ್ನು ಕೊಲ್ಲಿಸಿ ಸಿಂಹಾಸನವೇರಿದ ಔರಂಗಜೇಬನಿಗೆ ಮುಪ್ಪಿನಲ್ಲಿ ಅತಿ ಹತ್ತಿರವಾಗಿ ಉಳಿದವಳು ಇವಳೇ. ಕೊನೆಗಾಲದಲ್ಲಿ ಕಾಂಬಕ್ಷನಿಗೆ ಬರೆದ ಕಾಗದದಲ್ಲಿ, ನಿನ್ನ ತಾಯಿ ನನ್ನ ಕಾಯಿಲೆಯುದ್ದಕ್ಕೂ ಜೊತೆಗಿದ್ದಾಳೆ, ಸಾವಿನಲ್ಲೂ ಜೊತೆ ಬರಬೇಕೆನ್ನುತ್ತಾಳೆ ಎಂಬ ಅರ್ಥದ ಮಾತು ಬರುತ್ತದೆ. ಸಂಗೀತಕ್ಕೆ ಮುಖ ತಿರುಗಿಸಿದ, ಟೋಪಿ ಹೊಲಿದು ಕುರಾನ್ ಪ್ರತಿ ಮಾಡಿದ ಆ ಕಠಿಣ ಮುದುಕನ ಬದುಕಿನಲ್ಲಿ ಮೆತ್ತನೆಯ ಜಾಗವೊಂದಿತ್ತು ಎನ್ನುವುದಾದರೆ ಅದು ಈ ತಾಯಿ ಮತ್ತು ಈ ಮಗ.

ಮಗನೇನು ಅಶಿಕ್ಷಿತನಲ್ಲ. ಕುರಾನನ್ನು ಪೂರ್ತಿ ಬಾಯಿಪಾಠ ಮಾಡಿದ್ದ. ಅಣ್ಣಂದಿರಿಗಿಂತ ಚೆನ್ನಾಗಿ ತುರ್ಕಿ ಭಾಷೆ ಬಲ್ಲವನಾಗಿದ್ದ, ಹಲವು ಬಗೆಯ ಸುಂದರ ಅಕ್ಷರ ಬರೆಯುತ್ತಿದ್ದ ಎಂದು ಆಸ್ಥಾನದ ಇತಿಹಾಸಕಾರರು ಹೊಗಳಿದ್ದಾರೆ. ಕಲಿಯದೆ ಉಳಿದದ್ದು ಒಂದೇ: ರಾಜ್ಯಭಾರ. ಅಣ್ಣಂದಿರಾದ ಮುಅಜ್ಜಮ್ ಮತ್ತು ಆಜಂ ಎಳೆಯ ವಯಸ್ಸಿನಿಂದಲೇ ಸುಬೆಗಳನ್ನು ನೋಡಿಕೊಂಡವರು, ಲೆಕ್ಕಪತ್ರ ಕಂಡವರು, ಸೈನ್ಯದ ಸಂಬಳ ತಡವಾದರೆ ಏನಾಗುತ್ತದೆಂದು ಅನುಭವಿಸಿದವರು. ಈ ಕಿರಿಯವನು ಹದಿನಾಲ್ಕರ ಹುಡುಗನಾಗಿದ್ದಾಗ, 1681ರಲ್ಲಿ ಔರಂಗಜೇಬ ದಕ್ಷಿಣಕ್ಕೆ ಹೊರಟ. ಹೊರಟವನು ಮತ್ತೆ ಉತ್ತರಕ್ಕೆ ಹೋಗಲಿಲ್ಲ. ಹಾಗಾಗಿ ಕಾಂಬಕ್ಷ ಬೆಳೆದದ್ದು ಅರಮನೆಯಲ್ಲೂ ಅಲ್ಲ, ಸುಬೆಯಲ್ಲೂ ಅಲ್ಲ. ತಂದೆಯ ಡೇರೆಯ ಪಕ್ಕದ ಡೇರೆಯಲ್ಲಿ. ಆ ಛಾವಣಿಯೋ, ನಡೆದಾಡುವ ಒಂದು ಮಹಾನಗರ. ಬಜಾರು, ಖಜಾನೆ, ಆನೆಸಾಲು, ನ್ಯಾಯಾಲಯ ಎಲ್ಲವೂ ಅದರ ಜೊತೆಗೇ ಹೋಗುತ್ತಿದ್ದವು. ಅದು ಇಳಿದ ಕಡೆ ಸುತ್ತಣ ಹತ್ತಾರು ಹರಿದಾರಿಯ ಮೇವು, ಕಾಳು, ಕಟ್ಟಿಗೆ ಬರಿದಾಗುತ್ತಿತ್ತು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅಂಥ ಒಂದು ಛಾವಣಿ ವರ್ಷಗಟ್ಟಲೆ ಕೃಷ್ಣೆಯ ದಂಡೆಯ ಗಲಗಲಿಯಲ್ಲಿತ್ತು. ಈಗ ಬಾಗಲಕೋಟೆ ಜಿಲ್ಲೆಯ ಬೀಳಗಿ ಸೀಮೆಗೆ ಸೇರಿದ ಆ ಹಳ್ಳಿ ಕೆಲಕಾಲ ಹಿಂದೂಸ್ತಾನದ ರಾಜಧಾನಿಯಾಗಿತ್ತು ಎಂದರೆ ಸುಳ್ಳಾಗದು. 1691ರಲ್ಲಿ, ಕಾಂಬಕ್ಷನಿಗೆ ಇಪ್ಪತ್ತನಾಲ್ಕು ತುಂಬಿದಾಗ, ಮೊದಲ ಸಲ ಅವನ ಕೈಗೆ ದೊಡ್ಡ ದಂಡು ಬಂತು. ಕಳಿಸಿದ್ದು ಎಲ್ಲಿಗೆ? ವಾಗಣಗೇರಾಕ್ಕೆ. ಮೊಗಲರ ಬಾಯಲ್ಲಿ ಅದು ‘ವಾಕಿನ್‌ಖೇಡಾ’. ನಮ್ಮಿಂದ ಕೃಷ್ಣೆ ದಾಟಿದರೆ ಸುರಪುರದ ಪಕ್ಕದ ಗುಡ್ಡ. ಬೇಡರ ಪಾಮನಾಯಕ ಸಗರವನ್ನು ಕಳೆದುಕೊಂಡು ಮೊಗಲರಿಗೆ ಶರಣಾಗಿ, ಛಾವಣಿಗೆ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದ. ಅವನ ಉತ್ತರಾಧಿಕಾರಿ ಪಿಡ್ಡನಾಯಕ ವಾಗಣಗೇರಾದ ಗುಡ್ಡಗಳ ನಡುವೆ ಕೋಟೆ ಬಲಪಡಿಸಿ, ಬಂದೂಕು ಹಿಡಿದ ಬೇಡರ ಪಡೆ ಕಟ್ಟಿ, ಮೊಗಲರಿಗೆ ಒಮ್ಮೆ ಕಪ್ಪ, ಒಮ್ಮೆ ಗುಂಡು ಕೊಡುತ್ತ ಕಾಲ ಹಾಕುತ್ತಿದ್ದ. ಕಾಂಬಕ್ಷ ಅಲ್ಲಿ ಹೆಚ್ಚೇನೂ ಮಾಡುವ ಮೊದಲೇ ತಮಿಳುನಾಡಿನ ಜಿಂಜಿಗೆ ಹೋಗೆಂದು ಆಜ್ಞೆ ಬಂತು.

ಜಿಂಜಿಯಲ್ಲಿ ನಡೆದದ್ದೇ ಅವನ ಉಳಿದ ಬದುಕಿಗೆ ದಾರಿ ಹಾಕಿಕೊಟ್ಟಿತು. ಶಿವಾಜಿಯ ಮಗ ರಾಜಾರಾಮ ಆ ಬೆಟ್ಟದ ಕೋಟೆಯಲ್ಲಿ ಆಶ್ರಯ ಪಡೆದಿದ್ದ. ಜುಲ್ಫಿಕಾರ್ ಖಾನ್ 1690ರಿಂದ ಮುತ್ತಿಗೆ ಹಾಕಿ ಕುಳಿತಿದ್ದ. ಅವನ ತಂದೆ, ವಜೀರ ಅಸದ್ ಖಾನ್, ಕಾಂಬಕ್ಷನೊಡನೆ 1691ರ ಕೊನೆಗೆ ಬಂದು ಸೇರಿದ. ಹೆಸರಿಗೆ ರಾಜಕುಮಾರ ಮೇಲಧಿಕಾರಿ. ಕೆಲಸದಲ್ಲಿ ತಂದೆಮಗ ಸೇನಾನಿಗಳದೇ ಮಾತು. 1692ರ ಡಿಸೆಂಬರಿನಲ್ಲಿ ಸಂತಾಜಿ ಘೋರ್ಪಡೆ ಮತ್ತು ಧನಾಜಿ ಜಾಧವ ಬಂದು ಬಿದ್ದರು. ಮುತ್ತಿದವರೇ ಮುತ್ತಿಗೆಗೆ ಸಿಕ್ಕಿದರು. ಕಾಳು ನಿಂತಿತು, ಚಕ್ರವರ್ತಿಯ ಟಪಾಲು ನಿಂತಿತು. ಔರಂಗಜೇಬ ಸತ್ತ ಎಂಬ ಗಾಳಿಸುದ್ದಿ ಹಬ್ಬಿತು. ಕಾಂಬಕ್ಷ ಒಳಗೊಳಗೇ ರಾಜಾರಾಮನೊಡನೆ ಮಾತು ನಡೆಸಿದ. ತಂದೆ ಸತ್ತಿದ್ದರೆ ಅಣ್ಣಂದಿರ ಕೈಗೆ ಸಿಗುವುದಕ್ಕಿಂತ ಮರಾಠರ ನೆರವು ಹಿಡಿಯುವುದು ಲೇಸೆಂದು ಅವನ ಹತ್ತಿರದವರು ಕಿವಿಯೂದಿದ್ದರು. ಇದು ಅಸದ್ ಖಾನನಿಗೆ ಗೊತ್ತಾಯಿತು. ತಂದೆಮಗ ಕೂಡಿ ರಾಜಕುಮಾರನನ್ನೇ ಸೆರೆಹಿಡಿದರು. ಅಲ್ಲಿದ್ದ ಬುಂದೇಲ ಸರದಾರ ದಲಪತರಾವನ ಗುಮಾಸ್ತ ಭೀಮಸೇನ ಈ ದಂಡಯಾತ್ರೆಗಳನ್ನು ಬರೆದಿಟ್ಟಿದ್ದಾನೆ. ಮೊಗಲ ದಂಡಿನ ಹಸಿವು, ಕೊಳೆ, ಜಗಳ ಗೊತ್ತಾಗಬೇಕಾದರೆ ಆಸ್ಥಾನದ ಇತಿಹಾಸಕ್ಕಿಂತ ಈ ಗುಮಾಸ್ತನೇ ಮೇಲು.

ಬಂದಿಯಾದ ಮಗನನ್ನು 1693ರ ಜೂನಿನಲ್ಲಿ ಗಲಗಲಿಗೆ ತಂದರು. ಅಕ್ಕ ಜೀನತುನ್ನೀಸಾ ನಡುವೆ ನಿಂತು ತಂದೆಯ ಮುಂದೆ ಕರೆತಂದಳು. ಔರಂಗಜೇಬ ತನ್ನ ತಂದೆಯನ್ನು ಕೋಟೆಯಲ್ಲಿ ಕೂಡಿಹಾಕಿದವನು. ಹಿರಿಯ ಮಗನನ್ನು ಸೆರೆಯಲ್ಲಿ ಸಾಯಲು ಬಿಟ್ಟವನು. ಮುಅಜ್ಜಮನನ್ನು ಏಳೆಂಟು ವರ್ಷ ಬಂಧನದಲ್ಲಿಟ್ಟವನು. ಈ ಮಗನನ್ನು ಮಾತ್ರ ಗದರಿಸಿ ಬಿಟ್ಟ. ಕ್ಷಮಿಸಿದ ಎನ್ನೋಣವೇ, ಲೆಕ್ಕಕ್ಕೆ ಹಿಡಿಯಲಿಲ್ಲ ಎನ್ನೋಣವೇ? ಎರಡನೆಯದೇ ಹೆಚ್ಚು ಸರಿ ಎನಿಸುತ್ತದೆ, ಏಕೆಂದರೆ ಅದಾದ ಮೇಲೆ ಹದಿಮೂರು ವರ್ಷ ಅವನಿಗೆ ಸ್ವತಂತ್ರವಾದ ದೊಡ್ಡ ಹೊಣೆಯನ್ನು ಯಾರೂ ಕೊಡಲಿಲ್ಲ.

ಇನ್ನೊಂದು ಪ್ರಸಂಗ ಭೀಮೆಯ ದಂಡೆಯ ಬ್ರಹ್ಮಪುರಿ ಛಾವಣಿಯದು. ಅಂತಃಪುರದ ಅಧಿಕಾರಿಯೊಬ್ಬನನ್ನು ಕೊಲ್ಲುವ ಯತ್ನ ನಡೆಯಿತು. ಅಪವಾದ ಬಂದದ್ದು ಕಾಂಬಕ್ಷನ ಹಾಲುಸೋದರನ ಮೇಲೆ, ಎಂದರೆ ಅವನ ದಾಯಿಯ ಮಗನ ಮೇಲೆ. ಒಪ್ಪಿಸು ಎಂದು ಚಕ್ರವರ್ತಿ ಹೇಳಿ ಕಳಿಸಿದ. ಕಾಂಬಕ್ಷ ಒಪ್ಪಲಿಲ್ಲ. ಆ ಗೆಳೆಯನನ್ನು ತನ್ನ ಸೊಂಟಕ್ಕೇ ಬಟ್ಟೆಯಿಂದ ಬಿಗಿದುಕೊಂಡು ನಿಂತ. ಕೊನೆಗೆ ಇಬ್ಬರನ್ನೂ ಹಿಡಿದು ಸೆರೆಯಲ್ಲಿಡಬೇಕಾಯಿತು. ಕೆಲಕಾಲದ ಮೇಲೆ ಮತ್ತೆ ಕ್ಷಮೆ. ಈ ಚಿತ್ರವನ್ನು ಮರೆಯಬಾರದು. ಪ್ರಾಣ ಕೊಟ್ಟಾದರೂ ಗೆಳೆಯನನ್ನು ಉಳಿಸಿಕೊಳ್ಳಲು ಸಿದ್ಧನಿದ್ದ ಈತನೇ, ಮುಂದೆ ತನ್ನ ಪ್ರಾಣ ಕಾಯ್ದವನನ್ನು ಹೇಗೆ ನಡೆಸಿಕೊಂಡ ಎಂಬುದು ಬರಲಿದೆ.

1705ರ ಫೆಬ್ರವರಿಯಲ್ಲಿ ಎಂಬತ್ತಾರು ದಾಟಿದ ಔರಂಗಜೇಬ ತಾನೇ ವಾಗಣಗೇರಾದ ಮುಂದೆ ಬಂದಿಳಿದ. ಅದು ಅವನ ಕೊನೆಯ ಮುತ್ತಿಗೆ. ಬಿಜಾಪುರ, ಗೋಲ್ಕೊಂಡಗಳನ್ನು ಕೆಡವಿದವನಿಗೆ ಬೇಡರ ಗುಡ್ಡವೊಂದು ಸುಮಾರು ಮೂರು ತಿಂಗಳು ಹಿಡಿಯಿತು. ಪಿಡ್ಡನಾಯಕ ಆಡಿದ ಆಟ ರುಚಿಕಟ್ಟಾದದ್ದು. ಸಂಧಿ ಬೇಕೆಂದ. ತಮ್ಮ ಸೋಮಶಂಕರನನ್ನು ಛಾವಣಿಗೆ ಕಳಿಸಿದ. ಮೊಗಲ ಕಿಲ್ಲೇದಾರನೊಬ್ಬನನ್ನು ಕೋಟೆಯೊಳಕ್ಕೂ ಬಿಟ್ಟುಕೊಂಡ. ಆಮೇಲೆ ನಾಯಕನಿಗೆ ಹುಚ್ಚು ಹಿಡಿದಿದೆ, ಎಲ್ಲಿಗೋ ಓಡಿಹೋಗಿದ್ದಾನೆ ಎಂಬ ಸುದ್ದಿ ಹೊರಬಿತ್ತು. ಅಷ್ಟರಲ್ಲಿ ಮರಾಠರ ದಂಡು ನೆರವಿಗೆ ಬಂದಿತ್ತು, ಏಕೆಂದರೆ ಅನೇಕ ಮರಾಠ ಸರದಾರರ ಹೆಂಡಿರು ಮಕ್ಕಳು ಆ ಕೋಟೆಯಲ್ಲೇ ಆಶ್ರಯ ಪಡೆದಿದ್ದರು. ಕೊನೆಗೆ ಜುಲ್ಫಿಕಾರ್ ಖಾನನನ್ನು ಕರೆಸಿ ನೀರಿನ ದಾರಿ ಕಟ್ಟಿದಾಗ ಪಿಡ್ಡನಾಯಕ ರಾತ್ರೋರಾತ್ರಿ ತಪ್ಪಿಸಿಕೊಂಡ. ಏಪ್ರಿಲಿನಲ್ಲಿ ಮೊಗಲರಿಗೆ ಸಿಕ್ಕಿದ್ದು ಉರಿಯುತ್ತಿದ್ದ ಬರಿಯ ಗೋಡೆಗಳು. ಅದಕ್ಕೆ ‘ರಹಮಾನ್ ಬಕ್ಷ್ ಖೇಡಾ’ ಎಂದು ಹೆಸರಿಟ್ಟರು, ದೇವರು ಕರುಣಿಸಿದ ಊರು ಎಂಬರ್ಥದಲ್ಲಿ.

ಗೆದ್ದ ಮೇಲೆ ಚಕ್ರವರ್ತಿ ಕೃಷ್ಣೆಯ ಕಡೆಗಿನ ದೇವಪುರದಲ್ಲಿ ಇಳಿದ. (ಲಕ್ಷ್ಮೀಶ ಕವಿಯ ಊರು ಈ ದೇವಪುರವೋ, ಕಡೂರು ಸೀಮೆಯ ದೇವನೂರೋ ಎಂಬ ವಾದ ಕನ್ನಡ ಓದುಗರಿಗೆ ಹೊಸದಲ್ಲ. ಅದು ಬೇರೆ ದಿನದ ಮಾತು.) ಅಲ್ಲಿ ಔರಂಗಜೇಬ ಕಾಯಿಲೆ ಬಿದ್ದ. ಒಮ್ಮೊಮ್ಮೆ ಎಚ್ಚರ ತಪ್ಪುತ್ತಿತ್ತು. ಛಾವಣಿಯಲ್ಲಿ ದಿಗಿಲು. ಶತ್ರುವಿನ ನಡುವೆ, ಎರಡು ಹೊಳೆಯ ಸೀಮೆಯಲ್ಲಿ, ಚಕ್ರವರ್ತಿ ಸತ್ತರೆ ಇಷ್ಟು ಜನ ಮನೆ ಸೇರುವುದೆಂತು? ಆ ಮಳೆಗಾಲದಲ್ಲಿ ತಂದೆಯ ಬಳಿಯಿದ್ದ ಮಗ ಕಾಂಬಕ್ಷ. ಮುಅಜ್ಜಮ್ ಕಾಬೂಲಿನಲ್ಲಿ, ಆಜಂ ಗುಜರಾತಿನಲ್ಲಿ. ಅಕ್ಟೋಬರಿನಲ್ಲಿ ಪಲ್ಲಕ್ಕಿಯೇರಿ ಹೊರಟ ಮುದುಕ 1706ರ ಜನವರಿಯಲ್ಲಿ ಅಹಮದ್‌ನಗರ ಮುಟ್ಟಿದ. ಹಿಂದೆ ಉಳಿದದ್ದು ಬರ, ಬೇನೆ, ಪಾಳುಬಿದ್ದ ಹೊಲ. ಅದಕ್ಕೆ ಮೊದಲಿನ ಎರಡು ವರ್ಷಗಳಲ್ಲಿ ದಖ್ಖನದಲ್ಲಿ ಬರ ಮತ್ತು ಪ್ಲೇಗಿನಿಂದ ಇಪ್ಪತ್ತು ಲಕ್ಷ ಜನ ಸತ್ತರೆಂದು ಮನೂಚಿ ಬರೆಯುತ್ತಾನೆ. ಸಂಖ್ಯೆಯನ್ನು ಯಾರೂ ಎಣಿಸಿರಲಿಲ್ಲ. ನೋಡಿದವನಿಗೆ ಹಾಗೆ ಕಂಡಿತು ಎಂಬುದೇ ಸಾಕು.

ಅಹಮದ್‌ನಗರದಲ್ಲಿ ಕೊನೆಯ ಅಂಕ. ಗುಜರಾತಿನಿಂದ ಆಜಂ ಬಂದು ಸೇರಿದ್ದ. ಅವನು ಕಿರಿಯ ತಮ್ಮನನ್ನು ಮುಗಿಸಲು ಸಮಯ ಕಾಯುತ್ತಿದ್ದಾನೆಂಬುದು ಛಾವಣಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಗುಟ್ಟು. ‘ತಖ್ತ್ ಇಲ್ಲವೆ ತಖ್ತಾ’ ಎಂಬುದು ಮೊಗಲ ಮನೆತನದ ಗಾದೆ: ಸಿಂಹಾಸನ, ಇಲ್ಲವಾದರೆ ಚಟ್ಟ. ಔರಂಗಜೇಬ ಕಾಂಬಕ್ಷನ ರಕ್ಷಣೆಗೆ ಮೀರ್ ಮಲಂಗ್ ಎಂಬ ನಂಬಿಗಸ್ತನನ್ನು ನೇಮಿಸಿದ. ಅವನಿಗೆ ಅಹ್ಸನ್ ಖಾನ್ ಎಂಬ ಬಿರುದು. ಆಯುಧ ಹಿಡಿದ ಜನರೊಡನೆ ಅವನು ರಾಜಕುಮಾರನನ್ನು ಹಗಲಿರುಳು ಕಾಯ್ದ. ಆಜಂ ತಂದೆಗೆ ದೂರು ಕೊಟ್ಟರೂ ಕಾವಲು ಸಡಿಲಲಿಲ್ಲ. 1707ರ ಫೆಬ್ರವರಿಯಲ್ಲಿ ಕಾಂಬಕ್ಷನಿಗೆ ಬಿಜಾಪುರದ ಸುಬೇದಾರಿ ಕೊಟ್ಟು, ನಗಾರಿ ಬಾರಿಸುತ್ತ ಹೊರಡಲು ಅಪ್ಪಣೆಯಾಯಿತು. ಕೆಲವು ದಿನ ತಡೆದು ಆಜಂನನ್ನು ಮಾಳವಕ್ಕೆ ಕಳಿಸಿದರು. ಸಾಯುವ ತಂದೆ ತನ್ನ ಹಾಸಿಗೆಯ ಪಕ್ಕದಲ್ಲಿ ಮಕ್ಕಳು ಕತ್ತಿ ಹಿರಿಯಬಾರದೆಂದು ಮಾಡಿದ ಏರ್ಪಾಡು ಇದು. ಬಿಜಾಪುರ, ಹೈದರಾಬಾದು ಎರಡನ್ನು ಕಾಂಬಕ್ಷನಿಗೆ ಬಿಟ್ಟುಬಿಡಿ ಎಂಬ ಅವನ ಉಯಿಲೊಂದು ದಿಂಬಿನ ಕೆಳಗೆ ಸಿಕ್ಕಿತೆಂಬ ಕಥೆಯೂ ಇದೆ. ಮಾರ್ಚ್ 3ರಂದು ಔರಂಗಜೇಬ ಕಣ್ಣುಮುಚ್ಚಿದ. ಕಾಂಬಕ್ಷ ಆಗ ಪರಾಂಡದವರೆಗೆ ಮಾತ್ರ ಬಂದಿದ್ದ. ಅವನಿಗೆ ನಲವತ್ತು ವರ್ಷ. ಮೊದಲ ಸಲ ತಂದೆಯಿಲ್ಲದ ಲೋಕಕ್ಕೆ ಬಂದ.

ಬಿಜಾಪುರಕ್ಕೆ ಬಂದು ನೋಡಿದರೆ ಕೋಟೆಯ ಬಾಗಿಲು ಮುಚ್ಚಿತ್ತು! ಸ್ವಂತ ಸುಬೆಯ ರಾಜಧಾನಿ ಸುಬೇದಾರನಿಗೆ, ಅದೂ ರಾಜಕುಮಾರನಿಗೆ, ಬಾಗಿಲು ತೆರೆಯಲಿಲ್ಲ ಎಂದರೆ ವಿಚಿತ್ರವಾಗಿ ಕಾಣುತ್ತದೆ. ಇಲ್ಲಿ ಮೊಗಲ ಆಡಳಿತದ ಒಂದು ಮರ್ಮವಿದೆ. ಸುಬೇದಾರನ ಕೈಗೆ ದಂಡು ಮತ್ತು ದಂಡನೆ. ಆದರೆ ಹಣ ದಿವಾನನ ಕೈಯಲ್ಲಿ. ಕೋಟೆಯೋ ಕಿಲ್ಲೇದಾರನ ಕೈಯಲ್ಲಿ, ಅವನನ್ನು ನೇಮಿಸುವುದು ಸ್ವತಃ ಚಕ್ರವರ್ತಿ. ಒಬ್ಬನನ್ನು ಇನ್ನೊಬ್ಬ ಕಾಯಲೆಂದು, ಯಾವ ಸುಬೇದಾರನೂ ರಾಜನಾಗದಿರಲೆಂದು, ಮಾಡಿದ ಜಾಣ ಏರ್ಪಾಡು. ಚಕ್ರವರ್ತಿ ಸತ್ತ ಕೂಡಲೇ ಈ ಕಟ್ಟಿನ ಹುರಿ ಬಿಚ್ಚಿತು. ಯಾರು ಗೆಲ್ಲುತ್ತಾರೆಂದು ಗೊತ್ತಿಲ್ಲದ ಕಿಲ್ಲೇದಾರನಿಗೆ ಬಾಗಿಲು ಹಾಕಿಕೊಂಡು ಕೂರುವುದೇ ಸುರಕ್ಷಿತ. ಬಿಜಾಪುರದ ಸಯ್ಯದ್ ನಿಯಾಜ್ ಖಾನ್ ಮಾಡಿದ್ದೂ ಅಷ್ಟೆ. ಕಡೆಗೆ ಅಹ್ಸನ್ ಖಾನನ ಪ್ರಯತ್ನದಿಂದ ಕೋಟೆ ಕೈಗೆ ಬಂತು. ಕಾಂಬಕ್ಷ ‘ದೀನ್ ಪನಾಹ್’, ಧರ್ಮದ ಆಶ್ರಯ, ಎಂಬ ಬಿರುದಿನೊಡನೆ ಪಟ್ಟವೇರಿದ. ಹಕೀಮ ಮುಹ್ಸಿನ್ ಎಂಬುವನು ತಕರ್ರುಬ್ ಖಾನನಾಗಿ ವಜೀರನಾದ. ಅಹ್ಸನ್ ಖಾನ್ ಬಕ್ಷಿ, ಎಂದರೆ ಸೈನ್ಯದ ಮುಖ್ಯಸ್ಥ.

ಮಸೀದಿಯಲ್ಲಿ ಅವನ ಹೆಸರಿನ ಖುತ್ಬಾ ಓದಿದರು. ಬಿಜಾಪುರ, ಹೈದರಾಬಾದು, ತೊರಗಲ್ಲುಗಳಲ್ಲಿ ಅವನ ನಾಣ್ಯ ಅಚ್ಚಾದವು. ಆ ನಾಣ್ಯದ ಪಾರಸಿ ಬರಹದಲ್ಲಿ ಗಮನಿಸಬೇಕಾದ ಒಂದು ಶಬ್ದವಿದೆ: ದಖ್ಖನ. ತಾನು ದಖ್ಖನದಲ್ಲಿ ನಾಣ್ಯ ಹೊಡೆಸಿದವನು ಎಂದು ಅವನು ಹೇಳಿಕೊಂಡ. ಅಣ್ಣಂದಿರಿಬ್ಬರೂ ಹಿಂದೂಸ್ತಾನವೆಲ್ಲ ತಮ್ಮದೆಂದರೆ, ಇವನು ದಖ್ಖನದ ಹೆಸರು ಹಿಡಿದು ನಿಂತ. ಬಿಜಾಪುರ ಬಿದ್ದು ಇಪ್ಪತ್ತೊಂದು ವರ್ಷವಷ್ಟೇ ಆಗಿತ್ತು. ಆದಿಲಶಾಹಿಯನ್ನು ಕಂಡ ಕಣ್ಣುಗಳು ಇನ್ನೂ ಮುಚ್ಚಿರಲಿಲ್ಲ. ಅಂಥ ಜಾಗದಲ್ಲಿ ಮತ್ತೆ ಒಬ್ಬ ಸುಲ್ತಾನ, ಮತ್ತೆ ಒಂದು ಟಂಕಸಾಲೆ. ಹದಿನೇಳು ವರ್ಷದ ಬಳಿಕ ನಿಜಾಮ ಆಸಫ್ ಜಾ ಇದೇ ನೆಲದಲ್ಲಿ ಇಂಥದೇ ಒಂದು ರಾಜ್ಯ ಕಟ್ಟಿದ, ಅದು 1948ರವರೆಗೂ ಬಾಳಿತು. ಆದ್ದರಿಂದ ಕಾಂಬಕ್ಷನ ಆಸೆಯೇ ಹುಚ್ಚಾಗಿತ್ತೆಂದು ಹೇಳುವಂತಿಲ್ಲ. ನಿಜಾಮ ದಿಲ್ಲಿಯ ಹೆಸರಿನ ಖುತ್ಬಾ ಬಿಡಲಿಲ್ಲ, ಸ್ವಂತ ಬಿರುದಿನ ನಾಣ್ಯ ಹೊಡೆಸಲಿಲ್ಲ, ಹಣ ಮಾತ್ರ ಕಳಿಸಲಿಲ್ಲ. ಕಾಂಬಕ್ಷನಿಗೆ ಹೆಸರೇ ಬೇಕಾಗಿತ್ತು.

ಹೊಸ ಪಾದಶಹನ ಮೊದಲ ಕೆಲಸ ಸುಬೆಯ ಕೋಟೆಗಳನ್ನು ಹಿಡಿಯುವುದು. ಗುಲ್ಬರ್ಗ ಸಿಕ್ಕಿತು. ನಂತರ ವಾಗಣಗೇರಾ. ಔರಂಗಜೇಬ ಸತ್ತದ್ದೇ ತಡ, ಪಿಡ್ಡನಾಯಕ ತಿರುಗಿ ಬಂದು ತನ್ನ ಗುಡ್ಡ ಹಿಡಿದಿದ್ದ. ಹದಿನಾರು ವರ್ಷದ ಹಿಂದೆ ತನ್ನ ಮೊದಲ ದಂಡಿನೊಡನೆ ಬಂದು ಅರ್ಧಕ್ಕೆ ಬಿಟ್ಟುಹೋದ ಜಾಗಕ್ಕೆ ಕಾಂಬಕ್ಷ ರಾಜನಾಗಿ ಮರಳಿದ. ಮುತ್ತಿಗೆ ನಡೆಸಿದವನು ಅಹ್ಸನ್ ಖಾನ್. ಕೋಟೆ ಕೈಗೆ ಬಂತೆಂದು ಖಾಫಿ ಖಾನ್ ಬರೆಯುತ್ತಾನೆ. ಬೇಡರ ನಾಯಕನಿಗೆ ಕೋಟೆ ಬಿಡುವುದು, ಹಿಡಿಯುವುದು ಹೊಸದೇನಲ್ಲ. ಮುಂದೆ ಅಹ್ಸನ್ ಖಾನ್ ಕರ್ನೂಲಿಗೆ ಹೋಗಿ ಅಲ್ಲಿನ ಯೂಸುಫ್ ಖಾನನಿಂದ ಹಣ ಎತ್ತಿದ, ಆರ್ಕಾಟಿನವರೆಗೂ ಕೈ ಚಾಚಿದ. ಬಿಜಾಪುರದ ಕಡೆಯಿಂದ ಕರ್ನೂಲಿಗೆ ಹೋಗುವ ದಂಡು ಕೃಷ್ಣೆಯನ್ನೂ ತುಂಗಭದ್ರೆಯನ್ನೂ ದಾಟಲೇಬೇಕು. ದೋಆಬದ ರೈತನಿಗೆ ಪಾದಶಹ ಯಾರೆಂಬುದು ಈ ಎತ್ತು, ಕುದುರೆ, ಒಂಟೆಗಳ ಹಾದಿಯಿಂದ ತಿಳಿಯುತ್ತಿತ್ತೇ ಹೊರತು ಖುತ್ಬಾದಿಂದಲ್ಲ.

ಈ ನಡುವೆ ಉತ್ತರದಲ್ಲಿ 1707ರ ಜೂನಿನ ಜಜಾವು ಕಾಳಗದಲ್ಲಿ ಆಜಂ ಸತ್ತ. ಮುಅಜ್ಜಮ್ ಬಹಾದುರ್ ಶಹನೆಂಬ ಹೆಸರಿನಿಂದ ಪಟ್ಟವೇರಿದ. ಅವನಿಗೆ ಅರವತ್ತಮೂರು ವರ್ಷ, ಸ್ವಭಾವದಲ್ಲಿ ಸೌಮ್ಯ. ತಮ್ಮನಿಗೆ ಕಾಗದ ಬರೆದ: ಬಿಜಾಪುರ, ಹೈದರಾಬಾದು ಎರಡೂ ನಿನಗೇ ಇರಲಿ, ಖುತ್ಬಾ ಮತ್ತು ನಾಣ್ಯ ಮಾತ್ರ ನನ್ನ ಹೆಸರಿನಲ್ಲಿರಲಿ. ಮೊಗಲ ಇತಿಹಾಸದಲ್ಲಿ ಗೆದ್ದ ಅಣ್ಣ ತಮ್ಮನಿಗೆ ಇಂಥ ಮಾತು ಹೇಳಿದ್ದು ಅಪರೂಪ. ಕಾಂಬಕ್ಷ ಒಪ್ಪಲಿಲ್ಲ. ತಂದೆ ಅಣ್ಣ ದಾರಾನನ್ನೂ ಮುರಾದನನ್ನೂ ಏನು ಮಾಡಿದನೆಂದು ಬಲ್ಲವನು ಅಣ್ಣನ ಕಾಗದವನ್ನು ಹೇಗೆ ನಂಬಿಯಾನು?

ಅವನು ಯಾರನ್ನೂ ನಂಬದವನಾಗಿದ್ದ. ಹೈದರಾಬಾದಿಗೆ ಬಂದ ಮೇಲೆ ಅದು ರೋಗವೇ ಆಯಿತು. ಗೋಲ್ಕೊಂಡದ ಕಿಲ್ಲೇದಾರ ಬಾಗಿಲು ತೆರೆಯಲಿಲ್ಲ. ಖಜಾನೆ ಬರಿದು, ಸೈನಿಕರಿಗೆ ಸಂಬಳವಿಲ್ಲ. ವಜೀರ ತಕರ್ರುಬ್ ಖಾನನಿಗೆ ಅಹ್ಸನ್ ಖಾನನ ಮೇಲೆ ಹೊಟ್ಟೆಕಿಚ್ಚು. ಅಹ್ಸನ್ ಖಾನ್, ಹೈದರಾಬಾದಿನ ಸುಬೇದಾರ ರುಸ್ತುಂ ದಿಲ್ ಖಾನ್, ರಾಜಕುಮಾರರಿಗೆ ಬಿಲ್ಲುವಿದ್ಯೆ ಕಲಿಸುತ್ತಿದ್ದ ಸೈಫ್ ಖಾನ್ ಮೊದಲಾದವರು ಕೂಡಿ ಊಟ, ಮಾತು ನಡೆಸುತ್ತಿದ್ದರು. ಇವರು ನಿಮ್ಮನ್ನು ಹಿಡಿದು ಅಣ್ಣನಿಗೆ ಒಪ್ಪಿಸಲು ಸಂಚು ಮಾಡುತ್ತಿದ್ದಾರೆ ಎಂದು ವಜೀರ ಹೇಳಿದ. ಕಾಂಬಕ್ಷ ನಂಬಿದ. ರುಸ್ತುಂ ದಿಲ್ ಖಾನನನ್ನು ಆನೆಯ ಕಾಲಿಗೆ ಹಾಕಿಸಿದ. ಸೈಫ್ ಖಾನನ ಕೈ ಕಡಿಸಿದ. ಇನ್ನೊಬ್ಬನ ನಾಲಿಗೆ ಕೀಳಿಸಿದ. ಅಹ್ಸನ್ ಖಾನನಿಗೆ ಬಂದ ಎಚ್ಚರಿಕೆಗಳನ್ನು ಅವನು ನಂಬಿರಲಿಲ್ಲ, ತಾನು ಪ್ರಾಣ ಒತ್ತೆಯಿಟ್ಟು ಕಾಯ್ದ ಒಡೆಯ ತನಗೆ ಕೇಡು ಮಾಡಲಾರನೆಂದೇ ಇದ್ದ. ಅವನನ್ನು ಸೆರೆಯಲ್ಲಿಟ್ಟು, ಆಸ್ತಿ ಕಿತ್ತುಕೊಂಡು, ಹಿಂಸಿಸಿ ಕೊಂದರು. ಬಹಾದುರ್ ಶಹನ ರಾಯಭಾರಿ ಮುಅತಬರ್ ಖಾನನೊಡನೆ ಬಂದವರನ್ನೂ ಅದೇ ಸಂಶಯದ ಮೇಲೆ ಕೊಲ್ಲಿಸಿದ.

ಕಾಂಬಕ್ಷನನ್ನು ಹುಚ್ಚನೆಂದು ಬರೆದು ಮುಗಿಸುವುದು ಇತಿಹಾಸಕಾರರಿಗೆ ಸುಲಭ. ಹೈದರಾಬಾದಿನ ಆ ತಿಂಗಳುಗಳನ್ನು ಯಾವ ಮಾತಿನಿಂದಲೂ ತೊಳೆಯಲಾಗದು. ಆದರೆ ಆ ಸಂಶಯ ಆಕಾಶದಿಂದ ಬಿದ್ದದ್ದಲ್ಲ. ಜಿಂಜಿಯಲ್ಲಿ ಸ್ವಂತ ಸೇನಾನಿಗಳೇ ಸಂಕೋಲೆ ಹಾಕಿದ್ದನ್ನು ಅವನು ಕಂಡಿದ್ದ. ಅಹಮದ್‌ನಗರದಲ್ಲಿ ಕಾವಲಿಲ್ಲದೆ ಮಲಗಲಾಗದ ರಾತ್ರಿಗಳನ್ನು ಕಳೆದಿದ್ದ. ತನ್ನ ಕೈಯಲ್ಲಿ ಉಳಿದಿದ್ದ ಒಬ್ಬನೇ ಸಮರ್ಥ ಸೇನಾನಿಯನ್ನು ಕೊಂದ ದಿನವೇ ಅವನ ಯುದ್ಧ ಮುಗಿದಿತ್ತು. ಜನ ಒಬ್ಬೊಬ್ಬರಾಗಿ, ಆಮೇಲೆ ಗುಂಪುಗುಂಪ���ಗಿ ಅವನನ್ನು ಬಿಟ್ಟು ಹೋದರು.

ಬಹಾದುರ್ ಶಹ 1708ರ ಮೇ ತಿಂಗಳಲ್ಲಿ ನರ್ಮದೆ ದಾಟಿ, ಆತುರವಿಲ್ಲದೆ ಬಂದ. ತಮ್ಮನ ಬಳಿ ಇದ್ದ ದಂಡು ದಿನದಿನಕ್ಕೆ ಕರಗುತ್ತಿರುವಾಗ ಆತುರವೇಕೆ? 1709ರ ಜನವರಿ 13ರಂದು ಹೈದರಾಬಾದಿನ ಹೊರಗೆ ಕಾಂಬಕ್ಷನನ್ನು ಸುತ್ತುವರಿದಾಗ ಅವನ ಜೊತೆ ಉಳಿದಿದ್ದದ್ದು ಕೆಲವು ನೂರು ಜನ. ಅವನನ್ನು ಕೊಲ್ಲದೆ ಹಿಡಿದು ತನ್ನಿ ಎಂದು ಅಣ್ಣನ ಆಜ್ಞೆ. ಕಾದು ಕುಳಿತ ದಂಡಿನಲ್ಲಿ ತಾಳ್ಮೆಗೆಟ್ಟು ಮೊದಲು ನುಗ್ಗಿದವನು ಯಾರು ಬಲ್ಲಿರಾ? ಜುಲ್ಫಿಕಾರ್ ಖಾನ್. ಜಿಂಜಿಯ ಅದೇ ಜುಲ್ಫಿಕಾರ್. ಕಾಂಬಕ್ಷ ಓಡಲಿಲ್ಲ. ಆನೆಯ ಮೇಲೆ ಕುಳಿತು ಎರಡು ಬತ್ತಳಿಕೆ ಬರಿದಾಗುವವರೆಗೆ ಬಾಣ ಬಿಟ್ಟ, ಗಾಯದ ಮೇಲೆ ಗಾಯವಾಗಿ ರಕ್ತ ಸೋರಿ ಕುಸಿಯುವವರೆಗೆ. ಅವನನ್ನು ಹಿಡಿದ ಕೀರ್ತಿ ತನ್ನದು ಎಂದು ಜುಲ್ಫಿಕಾರನೂ ವಜೀರ ಮುನೀಮ್ ಖಾನನೂ ಜಗಳಕ್ಕೆ ಬಿದ್ದರು. ಆ ಜಗಳವನ್ನು ರಾಜಕುಮಾರನೊಬ್ಬ ತೀರ್ಮಾನಿಸಬೇಕಾಯಿತು.

ಪಲ್ಲಕ್ಕಿಯಲ್ಲಿ ತಂದ ತಮ್ಮನ ಬಳಿಗೆ ಬಹಾದುರ್ ಶಹ ಸಂಜೆ ತಾನೇ ಹೋದ. ತನ್ನ ಶಾಲನ್ನು ಹೊದಿಸಿದನೆಂದೂ, ನಿನ್ನನ್ನು ಈ ಸ್ಥಿತಿಯಲ್ಲಿ ನೋಡಲು ಬಯಸಿರಲಿಲ್ಲ ಎಂದನೆಂದೂ, ತಮ್ಮನೂ ಅದೇ ಮಾತನ್ನು ತಿರುಗಿ ಹೇಳಿದನೆಂದೂ ಕಥೆ. ಯುರೋಪಿನ ವೈದ್ಯರನ್ನು ಕರೆಸಿದರು. ಕಾಂಬಕ್ಷ ಔಷಧಕ್ಕೆ ಒಡ್ಡಿಕೊಳ್ಳಲಿಲ್ಲ. ಬೆಳಗಾಗುವುದರೊಳಗೆ ಸತ್ತ. ಹೆಣವನ್ನು ದಿಲ್ಲಿಗೆ ಕಳಿಸಿ ಹುಮಾಯೂನನ ಗೋರಿಯಲ್ಲಿ ಮಣ್ಣು ಮಾಡಿದರು. ದಿಲ್ಲಿಯನ್ನು ಹುಡುಗನಾಗಿ ಬಿಟ್ಟವನು ಹೀಗೆ ಮರಳಿದ. ತಾಯಿ ಉದಯಪುರಿ ಇದನ್ನು ನೋಡಲು ಉಳಿದಿರಲಿಲ್ಲ, ಗಂಡ ಸತ್ತ ಕೆಲವೇ ತಿಂಗಳಲ್ಲಿ, 1707ರಲ್ಲೇ ಗ್ವಾಲಿಯರಿನಲ್ಲಿ ತೀರಿಕೊಂಡಿದ್ದಳು. ಜುಲ್ಫಿಕಾರ್ ಖಾನ್ ದಖ್ಖನದ ಸುಬೇದಾರನಾದ. 1713ರಲ್ಲಿ ಹೊಸ ಚಕ್ರವರ್ತಿ ಫರ್ರುಖ್‌ಸಿಯರ್ ಅವನ ಕುತ್ತಿಗೆ ಹಿಸುಕಿಸಿದ.

ಕಾಂಬಕ್ಷನ ಮೊಮ್ಮಗನೊಬ್ಬನಿಗೆ ಐವತ್ತು ವರ್ಷದ ಬಳಿಕ ದಿಲ್ಲಿಯ ಸಿಂಹಾಸನ ಸಿಕ್ಕಿತು. 1759ರ ಡಿಸೆಂಬರಿನಲ್ಲಿ ವಜೀರ ಇಮಾದುಲ್ ಮುಲ್ಕ್ ತನಗೊಬ್ಬ ಬೊಂಬೆ ಬೇಕಾಗಿ ಅವನನ್ನು ಮೂರನೆಯ ಶಹಜಹಾನ್ ಎಂದು ಕೂರಿಸಿದ. ಹತ್ತು ತಿಂಗಳಲ್ಲಿ ಮರಾಠರು ಇಳಿಸಿದರು.

ಇತ್ತ ಕೃಷ್ಣೆಯ ಆಚೆ ದಡದಲ್ಲಿ, ಔರಂಗಜೇಬನೂ ಅವನ ಮಗನೂ ಹಿಡಿದ ಕೋಟೆಯ ನಾಯಕ ಮನೆತನ ವಾಗಣಗೇರಾದ ಪಕ್ಕದಲ್ಲೇ ಸುರಪುರವನ್ನು ರಾಜಧಾನಿ ಮಾಡಿಕೊಂಡಿತು. ಮೊಗಲರ ಸುಬೆ ಹೋಯಿತು, ನಿಜಾಮ ಬಂದ, ಇಂಗ್ಲಿಷರು ಬಂದರು. ಆ ಗುಡ್ಡಗಳಲ್ಲಿ ಬೇಡ ನಾಯಕರ ಆಳ್ವಿಕೆ 1858ರವರೆಗೆ, ರಾಜಾ ವೆಂಕಟಪ್ಪನಾಯಕ ಕಂಪನಿಯ ಸೈನ್ಯವನ್ನು ಎದುರಿಸುವವರೆಗೆ, ನಡೆದೇ ಇತ್ತು.